ಅಡುಗೆಮನೆಯ ಕಿಂಡಿ

ಮಠದ ಚರ್ಚಿನ ನಟ್ಟನಡುವೆ ಅಡ್ಡಗೋಡೆ ಎಬ್ಬಿಸಿದವನು ಕಲ್ಲುಕುಟಿಗ ಕಡಿವೋರನೇ. ಗೋಡೆಯ ಪೂರ್ವಕ್ಕೆ ಬಿಳಿಯಂಗಿಯ ಸನ್ಯಾಸಿಗಳು ನಿಂತು ಲ್ಯಾಟಿನ್ನಿನಲ್ಲಿ ಕೀರ್ತನೆ ಹಾಡುತ್ತಿದ್ದರು. ಪಶ್ಚಿಮಕ್ಕೆ ಮಠದ ದುಡಿಮೆಯ ಸೋದರರು, ಕಂದು ಬಟ್ಟೆಯ ಗಡ್ಡದವರು, ತಲೆ ತಗ್ಗಿಸಿ ನಿಂತು, ಬಾಯಿಪಾಠ ಬರುವ ಒಂದೆರಡು ಪ್ರಾರ್ಥನೆ ಗುಣುಗುಣಿಸಿ, ಹೊಲಕ್ಕೋ ಕುಲುಮೆಗೋ ಕಲ್ಲಿಗೋ ಹೊರಟುಬಿಡುತ್ತಿದ್ದರು. ಬಿಳಿಯಂಗಿಯವರಿಗೆ ಓದು ಬರುತ್ತಿತ್ತು, ಗಡ್ಡ ಇರಲಿಲ್ಲ. ಗಡ್ಡದವರಿಗೆ ಓದು ಕಲಿಸಕೂಡದೆಂದು ಕಟ್ಟಳೆಯೇ ಇತ್ತು. ದೇವರ ಮನೆಗೆ ಬಂದವರೆಲ್ಲ ಸೋದರರು ಎಂದು ದೊಡ್ಡ ಗುರುಗಳು ಹಬ್ಬದ ದಿನ ಹೇಳುವಾಗ ಎರಡು ಕಡೆಯವರೂ ತಲೆದೂಗುತ್ತಿದ್ದರು.

ಕಡಿವೋರನ ಒಡಹುಟ್ಟಿದ ತಮ್ಮ ಮೆಯ್ಲಿರ್ ಆ ಗೋಡೆಯ ಆಚೆಗಿದ್ದ.

ವೇಲ್ಸ್ ನಾಡಿನ ಆ ಕಣಿವೆಯಲ್ಲಿ ಹಿಂದೆ ಇವರದೊಂದು ಊರಿತ್ತು. ಸನ್ಯಾಸಿಗಳಿಗೆ ಜನರ ಸದ್ದಿಲ್ಲದ ಜಾಗ ಬೇಕಾಗಿತ್ತು, ಕೋಟೆಯ ದೊರೆಗೆ ಸತ್ತ ಮೇಲೆ ಸದ್ಗತಿ ಬೇಕಾಗಿತ್ತು. ದೊರೆ ಕಣಿವೆಯನ್ನು ಮಠಕ್ಕೆ ಬರೆದುಕೊಟ್ಟ, ಮಠ ಊರನ್ನು ಕೀಳಿಸಿತು. ಮನೆಗಳ ತೊಲೆ ಬಿಚ್ಚಿ ಕುರಿದೊಡ್ಡಿ ಕಟ್ಟಿದರು. ಉಳಿದವರೆಲ್ಲ ಬೆಟ್ಟದಾಚೆಗೆ ದಿಕ್ಕಾಪಾಲಾದರು. ಇವರಪ್ಪ ಮಾತ್ರ ಬೆಳೆದ ಇಬ್ಬರು ಮಕ್ಕಳನ್ನು ಕರೆದುಕೊಂಡು ಮಠದ ಹೆಬ್ಬಾಗಿಲಿಗೆ ಬಂದು, "ನೆಲ ನಿಮ್ಮದಾಯ್ತು, ನಮ್ಮನ್ನೂ ನೀವೇ ಇಟ್ಕೊಳ್ಳಿ" ಅಂದ. ಊರಿನ ಪಾದ್ರಿಯ ಹತ್ತಿರ ನಾಲ್ಕಕ್ಷರ ಕಲಿತಿದ್ದ ಮೆಯ್ಲಿರನನ್ನು ಆಚೆ ಕಳಿಸಿದರು. ಅಪ್ಪನಿಗೂ ಕಡಿವೋರನಿಗೂ ಕಂದು ಬಟ್ಟೆ ಕೊಟ್ಟು ಈಚೆ ಇಟ್ಟುಕೊಂಡರು. ಅಪ್ಪ ಆ ಚಳಿಗಾಲವನ್ನೂ ಕಳೆಯಲಿಲ್ಲ. ಅಣ್ಣತಮ್ಮಂದಿರು ಅಂದಿನಿಂದ ಒಂದೇ ಸೂರಿನ ಕೆಳಗೆ, ಒಂದೇ ಗಂಟೆಯ ಸದ್ದಿಗೆ ಎದ್ದು ಮಲಗಿ ತಲೆ ನರೆಸಿಕೊಂಡರು. ಮಾತಿಲ್ಲ, ಕತೆಯಿಲ್ಲ. ಮೌನ ಎರಡೂ ಕಡೆಯ ಕಟ್ಟಳೆ. ಹಾಡುವಾಗ ಅಷ್ಟು ಜನರ ದನಿಯಲ್ಲಿ ತಮ್ಮನ ದನಿ ಯಾವುದೆಂದು ಮಾತ್ರ ಕಡಿವೋರನಿಗೆ ಗೊತ್ತಾಗುತ್ತಿತ್ತು. ಮೇಲಿನ ಸ್ವರಕ್ಕೆ ಹೋಗುವ ಮುಂಚೆ ಮೆಯ್ಲಿರ್ ಒಂದು ಸಣ್ಣ ಉಸಿರು ತಗೊಳ್ಳುತ್ತಿದ್ದ.

ಆ ವರ್ಷ ಸುಗ್ಗಿ ಮುಗಿದ ಮೇಲೆ ದೊಡ್ಡ ಗುರು ವಾಲ್ರನ್ ಫ್ರಾನ್ಸಿನ ಮೂಲಮಠದ ಸಭೆಗೆ ಹೋಗಿ ಬಂದರು. ಬಂದವರೇ ಹೊಸ ಆಜ್ಞೆ ಹೊರಡಿಸಿದರು. ಹೊಲದ ಬಿಡಾರಗಳಲ್ಲಿ ಇನ್ನು ಮೇಲೆ ಬಾರ್ಲಿ ಹೆಂಡ ಇಲ್ಲ. ಗಡ್ಡದವರು ನೀರು ಕುಡಿಯಬೇಕು.

ಗಡ್ಡದವರಿಗೆ ಹೆಂಡ ಅಂದರೆ ಅಮಲಲ್ಲ, ಅರ್ಧ ಊಟ. ಚರ್ಚಿನ ಪೂರ್ವದ ತುದಿಯನ್ನು ಕೆಡವಿ ಇನ್ನೂ ಎತ್ತರಕ್ಕೆ ಕಟ್ಟುವ ಕೆಲಸ ನಡೆದಿತ್ತು. ದಿನವಿಡೀ ಕಲ್ಲು ಹೊತ್ತು ಬಂದವನಿಗೆ ಕರಿ ರೊಟ್ಟಿಯನ್ನು ಗಂಟಲಿಗಿಳಿಸಲು ಅದೊಂದೇ ಇತ್ತು. ಆದರೂ ಯಾರೂ ಉಸಿರೆತ್ತಲಿಲ್ಲ. ಉಗ್ರಾಣದ ಅಧಿಕಾರಿ ಒಸ್ಬರ್ಟ್ ಕುದುರೆ ಹತ್ತಿ ಬಿಡಾರ ಬಿಡಾರ ಸುತ್ತಿ ಪೀಪಾಯಿಗಳನ್ನು ತಾನೇ ನಿಂತು ಒಡೆಸಿದಾಗ ಮಾತು ಬೆಳೆಯಿತು.

ಕಲ್ಲುಗಣಿಯ ಬಿಡಾರಕ್ಕೆ ಅವನು ಬಂದಾಗ ಕಡಿವೋರ್ ಅಲ್ಲೇ ಇದ್ದ. ಹೆಂಡ ನೆಲದ ಮೇಲೆ ಹರಿದು ಕಲ್ಲುಪುಡಿಯಲ್ಲಿ ಇಂಗುತ್ತಿತ್ತು. ಕಮ್ಮಾರ ಇದ್ನರ್ಥ್ ಸುತ್ತಿಗೆ ಕೆಳಗಿಟ್ಟು ಮುಂದೆ ಬಂದ. ಅಗಲ ಎದೆ, ಕಿಡಿ ಹಾರಿ ಅಲ್ಲಲ್ಲಿ ಸುಟ್ಟ ಗಡ್ಡ.

"ಸ್ವಾಮಿ, ಇನ್ಮೇಲೆ ನಾವೇನು ಕುಡೀಬೇಕು?"

"ನೀರು," ಅಂದ ಒಸ್ಬರ್ಟ್. "ಯೇಸುಸ್ವಾಮಿ ನೀರನ್ನ ದ್ರಾಕ್ಷಾರಸ ಮಾಡಿದ್ದು ಮದುವೆ ಮನೇಲಿ ಕಣಯ್ಯಾ, ಕಲ್ಲುಗಣೀಲಲ್ಲ."

"ಹಂಗಾದ್ರೆ ನಿಮ್ಮ ಊಟದ ಮನೇಲಿ ಯಾರ ಮದುವೆ ಸ್ವಾಮಿ? ದಿನಾ ದ್ರಾಕ್ಷಾರಸ ಬರ್ತದಲ್ಲ!"

ಗಡ್ಡದವರು ಗೊಳ್ಳನೆ ನಕ್ಕರು. ಒಸ್ಬರ್ಟನ ಮುಖ ಕೆಂಪಾಯಿತು. ಕೈಯಲ್ಲಿದ್ದ ಚಾಟಿಯನ್ನು ಇದ್ನರ್ಥನ ಮುಖಕ್ಕೆ ಬೀಸಿದ. ಇದ್ನರ್ಥ್ ಚಾಟಿ ಹಿಡಿದು ಒಂದೇ ಸಲ ಜಗ್ಗಿದ. ಒಸ್ಬರ್ಟ್ ಕುದುರೆಯಿಂದ ಉರುಳಿ ಹೆಂಡದ ಕೆಸರಿಗೆ ಬಿದ್ದ. ಅವನು ಎದ್ದು ಕೋಪದಲ್ಲಿ ಹೋಗಿಬಿಟ್ಟಿದ್ದರೆ ಬೇರೆಯೇ ಆಗುತ್ತಿತ್ತು. ಬಿದ್ದಲ್ಲಿಂದಲೇ ಅವನು, "ನಿನ್ನ ಕೈ ಕಡಿಸ್ತೀನಿ" ಎಂದು ಕಿರುಚಿದ. ಆ ಮಾತು ಕೇಳಿದ್ದೇ ಎಷ್ಟೋ ವರ್ಷ ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಒಟ್ಟಿಗೆ ಬಾಯಿ ತೆಗೆದರು.

ಅವರು ಗುಂಪಾಗಿ ಮಠಕ್ಕೆ ನುಗ್ಗಿದರು. ದೊಡ್ಡ ಗುರುಗಳ ಹತ್ತಿರ ಮಾತಾಡುವುದಷ್ಟೇ ಅವರ ಮನಸ್ಸಿನಲ್ಲಿತ್ತು. ಆದರೆ ಕೈಯಲ್ಲಿ ಸುತ್ತಿಗೆ ಹಾರೆ ಹಿಡಿದು ಬರುವ ಗುಂಪನ್ನು ಕಂಡ ವಾಲ್ರನ್ ಹಿಂದಿನ ಬಾಗಿಲಿಂದ ಕುದುರೆ ಹತ್ತಿ ಕೋಟೆಯ ದಾರಿ ಹಿಡಿದರು; ಒಸ್ಬರ್ಟ್ ಆಗಲೇ ಅತ್ತ ಕುದುರೆ ಓಡಿಸಿದ್ದ. ಕೆಲವರು ಹೊಳೆಯ ತನಕ ಅವರನ್ನು ಅಟ್ಟಿಸಿಕೊಂಡೂ ಹೋದರು. ವಾಪಸು ಬಂದು ಹೊರಗಿನ ಅಂಗಳದಲ್ಲಿ ಗುಂಪಾಗಿ ನಿಂತರು. ಮಠಾಧಿಪತಿಯನ್ನು ಓಡಿಸಿದವರಿಗೆ ಏನು ಶಿಕ್ಷೆ ಎಂದು ಎಲ್ಲರಿಗೂ ಗೊತ್ತಿತ್ತು.

ಸೈಸಿಲ್ ಅನ್ನುವವನು, ಕಡಿವೋರನ ಪಕ್ಕದ ಹಾಸಿಗೆಯವನು, ಕೊನೆಗೆ ಕೇಳಿದ: "ಈಗೇನ್ ಮಾಡದು ಇದ್ನರ್ಥ್?"

ಇದ್ನರ್ಥ್ ಪಶ್ಚಿಮದ ಕಟ್ಟಡದ ಕಡೆ ಕೈ ತೋರಿಸಿದ. ಗಡ್ಡದವರ ಕಟ್ಟಡ ಅದು. ಮೇಲೆ ಅವರು ಮಲಗುವ ಅಟ್ಟ. ಕೆಳಗೆ ಅವರ ಊಟದ ಮನೆ, ಅದಕ್ಕೆ ಹೊಂದಿಕೊಂಡು ಇಡೀ ಮಠದ ಉಗ್ರಾಣ. ಹಿಟ್ಟು, ಗಿಣ್ಣು, ಉಪ್ಪುಮೀನು, ಬಟಾಣಿ, ದ್ರಾಕ್ಷಾರಸ ಎಲ್ಲ ಅಲ್ಲೇ.

"ಒಳಗೆ ಸೇರ್ಕೊಂಡು ಬಾಗಿಲು ಹಾಕ್ರೋ. ಹೆಂಡದ ಆಜ್ಞೆ ವಾಪಸು ತಗೊಂಡು, ಯಾರ ಮೇಲೂ ಕೈ ಮಾಡಲ್ಲ ಅಂತ ಮಾತು ಕೊಡೋವರೆಗೆ ತೆಗೀಬೇಡಿ. ಕಡಿವೋರ್, ಅಡುಗೆಮನೆ ಕಿಂಡಿಗೆ ಕಲ್ಲು ಹಾಕು."

ಅಡುಗೆಮನೆ ಎರಡು ಊಟದ ಮನೆಗಳ ನಡುವೆ ಇತ್ತು. ಬಿಳಿಯಂಗಿಯವರು ವಾರಕ್ಕೆ ಇಬ್ಬರಂತೆ ಅಲ್ಲಿ ಬೇಯಿಸಿ, ಆ ಬದಿಯ ಕಿಂಡಿಯಿಂದ ತಮ್ಮವರಿಗೆ, ಈ ಬದಿಯ ಕಿಂಡಿಯಿಂದ ಗಡ್ಡದವರಿಗೆ, ಮುಖವೆತ್ತಿ ನೋಡದೆ, ಬಡಿಸುತ್ತಿದ್ದರು. ಕಡಿವೋರ್ ಈ ಬದಿಯ ಕಿಂಡಿಗೆ ಕಲ್ಲು ಪೇರಿಸಿದ. ಚಳಿಗೆ ಗಾರೆ ಕಚ್ಚುತ್ತಿರಲಿಲ್ಲ, ಜೇಡಿಮಣ್ಣು ಮೆತ್ತಿದ. ಕೊನೆಯ ಕಲ್ಲು ಇಡುವಾಗ ಆಚೆ ಒಲೆಯ ಮುಂದೆ ನಿಂತಿದ್ದ ಮುದಿ ಸನ್ಯಾಸಿಯೊಬ್ಬ ಕೈಯಲ್ಲಿ ಸೌಟು ಹಿಡಿದು ಸುಮ್ಮನೆ ನೋಡುತ್ತಿದ್ದ.

ಮೊದಮೊದಲು ಅಟ್ಟದಲ್ಲಿ ಹಬ್ಬದಂತಿತ್ತು. ಗಡ್ಡದವರು ಬಿಳಿ ರೊಟ್ಟಿ ತಿಂದರು, ಬಾಯಿ ತುಂಬ ಮಾತಾಡಿದರು. ಎಷ್ಟೋ ವರ್ಷ ಮಗ್ಗುಲಲ್ಲೇ ಮಲಗಿದವನಿಗೆ ಹೆಂಡತಿ ಇದ್ದಳು, ಹೆರಿಗೆಯಲ್ಲಿ ಹೋದಳು ಎಂಬುದು ಈಗ ತಿಳಿಯಿತು. ಸೈಸಿಲ್ ಕುರಿಗಳ ಮುಂದೆ ಮಾತ್ರ ಹೇಳಿಕೊಳ್ಳುತ್ತಿದ್ದ ಹಳೆ ಹಾಡುಗಳನ್ನು ಗಟ್ಟಿಯಾಗಿ ಹೇಳಿದ. ಹೊರಗೆ ಹಿಮ ಬೀಳತೊಡಗಿತು.

ಚಿಕ್ಕ ಗುರು ಹವೆಲ್ ಬಾಗಿಲಿಗೆ ಬಂದರು. ಬಿಳಿಯಂಗಿಯವರಾದರೂ ವೇಲ್ಸಿನವರೇ, ಈ ನಾಡಿನ ಮಾತಾಡುವವರು, ವಯಸ್ಸಾದವರು.

"ಮಕ್ಕಳೇ, ಆರೈಕೆಮನೇಲಿ ಮುದುಕರಿದಾರೆ. ಒಂದಿಷ್ಟು ಹಿಟ್ಟು ಕೊಡ್ರಪ್ಪಾ."

"ಕೊಡ್ತೀವಿ ಗುರುಗಳೇ," ಅಂದ ಇದ್ನರ್ಥ್ ಒಳಗಿಂದ. "ಹೆಂಡ ಕುಡೀರಿ, ಯಾರಿಗೂ ಏನೂ ಮಾಡಲ್ಲ ಅಂತ ಒಂದು ಮಾತು ಹೇಳಿ. ಬಾಗಿಲು ನಾನೇ ತೆಗೀತೀನಿ."

"ಆ ಮಾತು ಹೇಳೋ ಅಧಿಕಾರ ನನಗಿಲ್ಲವಲ್ಲೋ. ದೊಡ್ಡ ಗುರುಗಳು ಬರ್ಬೇಕು."

"ಅವರು ಬರೋದು ಒಬ್ಬರೇನಾ, ದೊರೆ ಸಿಪಾಯಿಗಳ ಜೊತೇನಾ?"

ಹವೆಲ್ ಸುಳ್ಳು ಹೇಳುವವರಲ್ಲ, ಹಿಟ್ಟನ್ನಷ್ಟೇ ಮತ್ತೆ ಕೇಳಿದರು. ಇದ್ನರ್ಥ್ ಅಂದು ಒಂದು ಮೂಟೆ ಹಿಟ್ಟನ್ನು ಕಿಟಕಿಯಿಂದ ಇಳಿಸಿದ. ಆಮೇಲೆ ಇಳಿಸಲಿಲ್ಲ. "ನಾವು ಕೊಟ್ಟಷ್ಟು ದಿನ ಅವರು ಕಾಯ್ತಾರೆ. ಅವರು ಕಾದಷ್ಟು ದಿನ ಸಿಪಾಯಿಗಳು ಹತ್ರ ಬರ್ತಾರೆ" ಅಂದ. ತಪ್ಪೆಂದು ಯಾರಿಗೂ ಅನಿಸಲಿಲ್ಲ, ಕಡಿವೋರನಿಗೂ.

ಬಿಳಿಯಂಗಿಯವರು ಬೇರೆಡೆಯಿಂದ ತರಿಸೋಣವೆಂದರೆ ಬಿಡಾರಗಳೆಲ್ಲ ಗಡ್ಡದವರ ಕೈಲಿದ್ದವು. ಕಾಳು ಬೇಡಲು ಹತ್ತಿರದಲ್ಲಿ ಊರೇ ಇರಲಿಲ್ಲ. ಇದ್ದ ಊರುಗಳನ್ನು ಮಠ ತಾನೇ ಕೀಳಿಸಿತ್ತು. ಹಿಮ ಕಣಿವೆಯ ಬಾಯಿ ಮುಚ್ಚಿತು.

ಆದರೆ ಗಂಟೆ ನಿಲ್ಲಲಿಲ್ಲ, ಹಾಡೂ ನಿಲ್ಲಲಿಲ್ಲ. ಹೊತ್ತು ಹೊತ್ತಿಗೆ ಚರ್ಚಿನಿಂದ ಕೀರ್ತನೆ ಅಟ್ಟಕ್ಕೆ ಕೇಳುತ್ತಿತ್ತು. ಬರಬರುತ್ತ ಅದು ಸಣ್ಣಗಾಯಿತು. ಆಮೇಲೆ ಮರದ ಹಲಗೆ ಬಡಿಯುವ ಸದ್ದು ಶುರುವಾಯಿತು. ಆಚೆ ಯಾರಾದರೂ ಕೊನೆಯುಸಿರು ಎಳೆಯುವಾಗ ಹಲಗೆ ಬಡಿದರೆ ಎಲ್ಲರೂ ಕೈಯಲ್ಲಿದ್ದದ್ದು ಬಿಟ್ಟು ಓಡಿಹೋಗಿ ಸುತ್ತ ನಿಲ್ಲುವುದು ಅವರ ಪದ್ಧತಿ. ಹಲಗೆ ಬಡಿದಾಗಲೆಲ್ಲ ಅಟ್ಟದಲ್ಲಿ ಯಾರಾದರೊಬ್ಬರು ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು. ಕಡಿವೋರ್ ಮುಂದಿನ ಹಾಡಿಗೆ ಕಾಯುತ್ತಿದ್ದ. ಅದರಲ್ಲಿ ಆ ಸಣ್ಣ ಉಸಿರು ಕೇಳಿದ ಮೇಲೆಯೇ ರೊಟ್ಟಿಗೆ ಕೈ ಹಾಕುತ್ತಿದ್ದ.

ಒಂದು ಬೆಳಿಗ್ಗೆ ಹಲಗೆ ಬಡಿಯಿತು. ಆಮೇಲಿನ ಹಾಡಿನಲ್ಲಿ ತಮ್ಮನ ದನಿ ಕೇಳಲಿಲ್ಲ. ಅದರ ಮುಂದಿನದರಲ್ಲೂ ಕೇಳಲಿಲ್ಲ.

ಉಳಿದವರು ಮೇಲೆ ಬಾಗಿಲ ಕಾವಲಿನ ಪಾಳಿ ಹಂಚಿಕೊಳ್ಳುತ್ತಿದ್ದಾಗ ಕಡಿವೋರ್ ಕೆಳಗಿನ ಊಟದ ಮನೆಗೆ ಇಳಿದ. ಕಿಂಡಿಯ ಮಣ್ಣು ಕೆರೆದು ಒಂದು ಕಲ್ಲನ್ನು ಮೆಲ್ಲಗೆ ಎಳೆದ. ಆಚೆ ಒಲೆಯಲ್ಲಿ ಪುರಲೆ ಉರಿಯುತ್ತಿತ್ತು. ಅದರ ಮುಂದೆ ಕೂತಿದ್ದವನು ಸದ್ದಿಗೆ ತಿರುಗಿದ. ಮೂಗು, ಕೆನ್ನೆಯ ಮೂಳೆ, ಕಣ್ಣಿದ್ದಲ್ಲಿ ಎರಡು ಗುಳಿ. ಅಪ್ಪನ ಮುಖ ಅದು, ಸಾಯುವ ಮುಂಚಿನ ಅಪ್ಪನ ಮುಖ. ಕಡಿವೋರ್ ಕಿಂಡಿಗೆ ಮುಖವಿಟ್ಟ.

ಮೆಯ್ಲಿರ್ ಹತ್ತಿರ ಬಂದು, ಮಾತಾಡದೆ, ಎರಡೂ ಕೈಯ ಬೆರಳು ಸೇರಿಸಿ ದುಂಡಗೆ ತೋರಿಸಿದ. ಮೌನದ ಭಾಷೆಯಲ್ಲಿ ರೊಟ್ಟಿಯ ಸನ್ನೆ.

"ಕೈ ಆಡಿಸ್ಬೇಡ ಕಣೋ," ಅಂದ ಕಡಿವೋರ್. "ಬಾಯಿ ಬಿಟ್ಟು ಮಾತಾಡು. ಇಷ್ಟು ವರ್ಷ ಬರೀ ನಿನ್ನ ಹಾಡು ಕೇಳಿದೀನಿ."

ಮೆಯ್ಲಿರ್ ತುಟಿ ಅಲ್ಲಾಡಿಸಿದ.

"ಅಣ್ಣ... ನಿನ್ನ ಗಡ್ಡ ಬೆಳ್ಳಗಾಗಿದೆ."

"ಹೂಂ, ಹೊಗಳ್ತಾ ನಿಂತ್ಕೋ. ಯಾಕೋ ಹಾಡ್ಲಿಲ್ಲ ಇವತ್ತು?"

"ಈ ವಾರ ಅಡುಗೆ ನಂದು. ಒಲೆ ಬಿಟ್ಟು ಹೋಗೋ ಹಾಗಿಲ್ಲ."

"ಏನ್ ಅಡುಗೆ ಮಾಡ್ತೀಯ?"

"ಬರೆಯೋ ತೊಗಲು ಬೇಯಿಸ್ತಿದೀನಿ. ಮೊದಲು ಬರೀದೇ ಇದ್ದದ್ದು ಬೇಯಿಸಿದ್ವಿ. ಆಮೇಲೆ ಹೊಲಗದ್ದೆ ಲೆಕ್ಕದ್ದು. ಕೀರ್ತನೆ ಪುಸ್ತಕ ಮಾತ್ರ ಚಿಕ್ಕ ಗುರುಗಳು ಮುಟ್ಟಗೊಡ್ತಿಲ್ಲ."

ಕಡಿವೋರ್ ಅಂಗಿಯೊಳಗಿಂದ ರೊಟ್ಟಿ, ಗಿಣ್ಣು ತೆಗೆದು ಕಿಂಡಿಯೊಳಗೆ ತಳ್ಳಿದ. ಮೆಯ್ಲಿರ್ ರೊಟ್ಟಿಯನ್ನು ಮೂಸಿ, ಅಂಗಿಯ ಚುಂಗಿನಲ್ಲಿ ಸುತ್ತಿಕೊಂಡು ಹೊರಡಲು ಅನುವಾದ.

"ಎಲ್ಲಿಗೆ?"

"ಆರೈಕೆಮನೆಗೆ. ಮೂರು ಜನ ಮಲಗಿಬಿಟ್ಟಿದಾರೆ."

"ನಾನು ಅವರಿಗೆ ತಂದದ್ದಲ್ಲ. ನಿನಗೆ. ಇಲ್ಲೇ ತಿನ್ನು, ನಾನು ನೋಡ್ಬೇಕು."

"ಒಬ್ಬನೇ ಹೇಗೆ ತಿನ್ಲಿ? ಎಲ್ಲರೂ ಕೂತಾಗ, ಎಲ್ಲರ ಜೊತೆ ತಿನ್ನೋದು. ಕದ್ದು ತಿನ್ನೋದು ಪಾಪ ಅಣ್ಣ."

"ಸಾಯೋದು ಪುಣ್ಯಾನಾ? ತಿನ್ತೀಯೋ ಇಲ್ಲ ಕಲ್ಲು ಹಾಕಿ ಹೋಗಲೋ?"

ಮೆಯ್ಲಿರ್ ಸುತ್ತಿದ್ದನ್ನು ಬಿಚ್ಚಿದ. ಆಮೇಲೆ ಒಂದು ಚೂರು ಮುರಿದು ಬಾಯಿಗಿಟ್ಟ. ಇನ್ನೊಂದು ಚೂರು. ನಂತರ ತಡೆಯಲಾಗದೆ ಗಬಗಬ ತಿಂದ, ಗಿಣ್ಣನ್ನೂ ಬಿಡಲಿಲ್ಲ. ತಿಂದು ಮುಗಿಸಿ ಬರಿಗೈ ನೋಡಿಕೊಂಡು ಅತ್ತ. ಕಡಿವೋರ್ ಕಲ್ಲನ್ನು ಜಾಗಕ್ಕೆ ಸೇರಿಸಿದ, ಮಣ್ಣು ಮೆತ್ತಲಿಲ್ಲ.

ಆ ಮೇಲೆ ದಿನಾ ಹೋದ. ಒಲೆಯ ಮುಂದೆ ನಿಲ್ಲುವ ತ್ರಾಣ ಬೇರೆಯವರಿಗಿಲ್ಲದೆ, ವಾರ ಮುಗಿದರೂ ಅಡುಗೆ ಮೆಯ್ಲಿರನ ಪಾಲಿಗೇ ಉಳಿಯಿತು. ಹೆಚ್ಚಿಗೆ ಒಯ್ದ. ಒಂದು ಪಾಲನ್ನು ಮೆಯ್ಲಿರ್ ಅಣ್ಣನ ಕಣ್ಣೆದುರಿಗೇ ತಿನ್ನಬೇಕು, ಉಳಿದದ್ದು ಆರೈಕೆಮನೆಗೆ ಎಂದು ಕರಾರಾಯಿತು. ಆರೈಕೆಮನೆಗೆ ರೊಟ್ಟಿ ಎಲ್ಲಿಂದ ಬಂತೆಂದು ಚಿಕ್ಕ ಗುರುಗಳು ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆಂದು ಅವರಿಗೆ ಗೊತ್ತಿದ್ದಿರಬೇಕು. ಹಲಗೆ ಬಡಿಯುವುದು ಕಡಿಮೆಯಾಯಿತು. ತಿನ್ನುವಾಗ ಇಬ್ಬರೂ ಹಳೆಯ ಊರಿನ ಮಾತಾಡಿದರು. ಯಾರ ಮನೆ ಯಾರ ಮನೆಗೆ ತಾಗಿತ್ತು, ಬಾವಿ ಯಾವ ಕಡೆಗಿತ್ತು ಎಂದು ವಾದವನ್ನೂ ಮಾಡಿದರು.

ಹಿಮ ಕರಗಿ ದಾರಿ ಬಿಡುತ್ತಿದ್ದ ದಿನಗಳಲ್ಲಿ ಮೆಯ್ಲಿರ್ ರೊಟ್ಟಿ ಮುಟ್ಟದೆ ನಿಂತ.

"ಅಣ್ಣ, ನಾಳೆ ಸಭಾಮನೇಲಿ ನಾನು ತಪ್ಪು ಹೇಳ್ಕೋಬೇಕು."

ಬೆಳಿಗ್ಗೆ ಬೆಳಿಗ್ಗೆ ಬಿಳಿಯಂಗಿಯವರೆಲ್ಲ ಸಭಾಮನೆಯಲ್ಲಿ ಗೋಡೆಗುಂಟ ಕೂತು, ಒಬ್ಬೊಬ್ಬರೇ ನಡುವೆ ಬಂದು ಬೋರಲು ಬಿದ್ದು ತಪ್ಪು ಹೇಳಿಕೊಳ್ಳುತ್ತಾರೆ. ಅದು ಕಡಿವೋರನಿಗೂ ಗೊತ್ತಿತ್ತು.

"ಹೇಳ್ಬೇಡ."

"ಹಬ್ಬ ಬಂತು. ಹೇಳದೆ ಪರಮಪ್ರಸಾದ ಹೇಗೆ ತಗೊಳ್ಲಿ? ಎಲ್ಲರೂ ತೊಗಲು ನೀರು ಕುಡಿಯೋವಾಗ ನಾನು ಬಾಯಿ ಒರೆಸ್ಕೊಂಡು ಅವರ ಪಕ್ಕ ಕೂರ್ತೀನಿ. ಹಾಡೋಕೂ ಆಗ್ತಿಲ್ಲ ನನಗೆ."

"ನೀನು ಹೇಳಿದ್ರೆ ಕಿಂಡಿ ತೆರೆದಿದೆ ಅಂತ ಗೊತ್ತಾಗ್ತದೆ. ದೊಡ್ಡ ಗುರು ಸಿಪಾಯಿಗಳನ್ನ ಕರ್ಕೊಂಡು ಬರೋ ಹೊತ್ತಾಯ್ತು. ಮೇಲಿರೋರೆಲ್ಲ ನನ್ನ ಜೊತೆಯವರು ಕಣೋ. ಅವರ ತಲೆ ಹೋಗ್ತದೆ."

ಮೆಯ್ಲಿರ್ ಕಣ್ಣು ಮುಚ್ಚಿದ. "ಹಾಗಾದ್ರೆ ನೀನು ಕಿಂಡಿ ಮುಚ್ಚಿಬಿಡು ಅಣ್ಣ. ಇವತ್ತೇ. ಗಟ್ಟಿಯಾಗಿ ಮುಚ್ಚು. ನಾನು ನಾಳೆ ಹೇಳ್ತೀನಿ."

ಕಡಿವೋರ್ ಜೇಡಿಮಣ್ಣು ಕಲಸಿದ. ದಪ್ಪ ಕಲ್ಲುಗಳನ್ನು ತಂದು ಕಿಂಡಿಯ ಕೆಳಗೆ ಇಟ್ಟುಕೊಂಡ. ಮಂಡಿಯೂರಿ ಕೂತ. ಮುಚ್ಚಿದರೆ ತಮ್ಮ ಮತ್ತೆ ತೊಗಲ ನೀರಿಗೆ ಹೋಗುತ್ತಾನೆ; ಆ ಮೈ ಇನ್ನೊಂದು ವಾರ ಎಳೆಯುವುದಿಲ್ಲ. ಮುಚ್ಚದಿದ್ದರೆ ಮೇಲಿನವರು. ಮೇಲೆ ಸೈಸಿಲನ ಹಾಡು ಕೇಳುತ್ತಿತ್ತು, ಇದ್ನರ್ಥ್ ಅದಕ್ಕೆ ಕಾಲಿನಲ್ಲಿ ತಾಳ ಹಾಕುತ್ತಿದ್ದ. ಇದ್ನರ್ಥನಿಗೆ ಹೇಳಿಬಿಡೋಣವೆಂದು ಕಡಿವೋರ್ ಎದ್ದು ಮೆಟ್ಟಿಲ ತನಕ ಹೋದ. ಹೇಳಿದರೆ ಇದ್ನರ್ಥ್ ತಾನೇ ಬಂದು ಕಿಂಡಿ ಮುಚ್ಚುತ್ತಾನೆ, ಬೈಯುವುದೂ ಇಲ್ಲ. ಅದು ಗೊತ್ತಿದ್ದೇ ಅವನು ಮೆಟ್ಟಿಲಿನಿಂದ ಹಿಂದಿರುಗಿದ. ದೊಡ್ಡ ಗುರು ಬರಲು ಇನ್ನೂ ದಿನ ಹಿಡಿಯಬಹುದು, ದಾರಿಯಲ್ಲಿ ಇನ್ನೂ ಹಿಮವಿದೆ, ಚಿಕ್ಕ ಗುರುಗಳು ಒಳ್ಳೆಯವರು ಎಂದು ತನಗೆ ತಾನೇ ಹೇಳಿಕೊಂಡ. ಕಲಸಿದ ಮಣ್ಣು ಕೈಯಲ್ಲೇ ಒಣಗಿತು. ಕಲ್ಲನ್ನು ಬರಿದೆ ಕಿಂಡಿಗೆ ಆನಿಸಿಟ್ಟು ಮೇಲೆ ಹೋಗಿ ಎಲ್ಲರ ಜೊತೆ ಊಟಕ್ಕೆ ಕೂತ.

ಮರುದಿನ ರೊಟ್ಟಿ ಹಿಡಿದು ಇಳಿದಾಗ ಕಿಂಡಿಯ ಆಚೆ ಯಾರೂ ಇರಲಿಲ್ಲ. ಒಲೆ ಆರಿತ್ತು. ಅದರ ಮರುದಿನ ಕಲ್ಲು ತೆಗೆಯಲು ಕೈ ಚಾಚಿದಾಗ ಕಲ್ಲು ತಾನಾಗಿಯೇ ಅಲ್ಲಾಡಿತು. ತಮ್ಮ ಬಂದನೆಂದು ಕಡಿವೋರನಿಗೆ ಸಂತೋಷವೇ ಆಯಿತು. ಕಿಂಡಿಯಿಂದ ಒಳಗೆ ಬಂದದ್ದು ಕಬ್ಬಿಣದ ಬಳೆಗಳ ಕವಚ ತೊಟ್ಟ ತೋಳು. ಅದು ಅವನ ಗಡ್ಡ ಹಿಡಿದು ಮುಖವನ್ನು ಗೋಡೆಗೆ ಅಪ್ಪಳಿಸಿತು.

ಕಣ್ಣು ಬಿಟ್ಟಾಗ ಕಿಂಡಿ ಪೂರಾ ಒಡೆದಿತ್ತು. ದೊಡ್ಡ ಗುರುಗಳ ಜೊತೆ ಬಂದಿದ್ದ ದೊರೆಯ ಸಿಪಾಯಿಗಳು ಒಬ್ಬರ ಹಿಂದೊಬ್ಬರು ನುಸುಳಿ ಮೆಟ್ಟಿಲ ಕಡೆ ನುಗ್ಗುತ್ತಿದ್ದರು. ಮೇಲೆ ಕೂಗಾಟ, ದೊಣ್ಣೆಗೆಂದು ಹಾಸಿಗೆಯ ಹಲಗೆ ಮುರಿಯುವ ಸದ್ದು. ಇದ್ನರ್ಥ್ ಸುತ್ತಿಗೆ ಹಿಡಿದು ಇಳಿದು ಬಂದ. ಮೆಟ್ಟಿಲು ಕಿರಿದು, ಒಬ್ಬನಿಗೆ ಮಾತ್ರ ಜಾಗ. ಅವನು ಇಬ್ಬರನ್ನು ಉರುಳಿಸಿದ. ಮೂರನೆಯವನ ಈಟಿ ಹೊಟ್ಟೆಗೆ ಹೊಕ್ಕಿತು. ಕೆಳಗಿನ ಮೆಟ್ಟಿಲಿಗೆ ಕುಸಿದು ಕೂತವನು ಮೊದಲು ಒಡೆದ ಕಿಂಡಿಯನ್ನು ನೋಡಿದ, ಆಮೇಲೆ ಕಲ್ಲುಗಳ ನಡುವೆ ಬಿದ್ದಿದ್ದ ಕಡಿವೋರನನ್ನು, ಅವನ ಅಂಗಿಯಿಂದ ಹೊರಗೆ ಉರುಳಿದ್ದ ಎರಡು ರೊಟ್ಟಿಗಳನ್ನು.

"ನೀನಾ?" ಅಂದ. ಸಿಟ್ಟಿನಿಂದಲ್ಲ, ಸರಿಯಾಗಿ ಕೇಳಿಸದವರು ಇನ್ನೊಮ್ಮೆ ಕೇಳುವಂತೆ. ಉತ್ತರಕ್ಕೆ ಕಾಯುವಷ್ಟು ಅವನಲ್ಲಿ ಜೀವ ಉಳಿದಿರಲಿಲ್ಲ.

ಉಳಿದವರನ್ನು ಕಟ್ಟಿ ಉಗ್ರಾಣದಲ್ಲಿ ಕೂಡಿದರು. ಹಿಟ್ಟಿನ ಮೂಟೆಗಳ ನಡುವೆ ಕಡಿವೋರನ ಸುತ್ತ ಜಾಗ ಖಾಲಿ ಬಿಟ್ಟು ಎಲ್ಲರೂ ದೂರ ಸರಿದು ಕೂತರು. ಸೈಸಿಲ್ ಒಂದೇ ಒಂದು ಸಲ, "ಎಷ್ಟು ದಿನದಿಂದ?" ಎಂದು ಕೇಳಿದ.

ಬೆಳಿಗ್ಗೆ ಸಭಾಮನೆಗೆ ಕರೆದೊಯ್ದರು. ಒಳಾಂಗಳದ ಪಡಸಾಲೆಯಲ್ಲಿ ಸಾಗುವಾಗ ಚರ್ಚಿನ ಬಾಗಿಲ ಹೊಸ್ತಿಲಲ್ಲಿ ಒಬ್ಬ ಸನ್ಯಾಸಿ ಬೋರಲು ಮಲಗಿದ್ದ. ಪ್ರಾರ್ಥನೆ ಮುಗಿಸಿ ಬರುತ್ತಿದ್ದವರು ಒಬ್ಬೊಬ್ಬರಾಗಿ ಅವನನ್ನು ದಾಟುತ್ತಿದ್ದರು. ಅಂಗಳದಿಂದ ಹಿಮದ ಪುಡಿ ಹಾರಿಬಂದು ಅವನ ಬೆನ್ನ ಮೇಲೆ ಕೂರುತ್ತಿತ್ತು. ಬೋಳುತಲೆಯ ಹಿಂದೆ ಹಳೇ ಗಾಯದ ಗುರುತು. ಹುಡುಗನಾಗಿದ್ದಾಗ ಬಾವಿಕಟ್ಟೆಯಿಂದ ಬಿದ್ದು ಮಾಡಿಕೊಂಡದ್ದು.

"ಮೆಯ್ಲಿರ್!"

ಮಲಗಿದವನ ಬೆರಳು ಅಲ್ಲಾಡಿದವು. ಮುಖ ಮೇಲೇಳಲಿಲ್ಲ. ಕದ್ದು ಉಂಡವನು ಹೊಸ್ತಿಲಲ್ಲಿ ಮುಖ ಕೆಳಗೆ ಮಾಡಿ ಮಲಗಬೇಕು, ಎಲ್ಲರೂ ಅವನನ್ನು ದಾಟಬೇಕು, ಮಠಾಧಿಪತಿ ಸಾಕೆಂದ ಮೇಲೆಯೇ ಏಳಬೇಕು. ಅದು ಕಟ್ಟಳೆ. ಸಿಪಾಯಿ ಕಡಿವೋರನನ್ನು ಮುಂದಕ್ಕೆ ನೂಕಿದ.

ಸಭಾಮನೆಯ ಕಂಬಗಳನ್ನು ಕಡೆದ ಕಡಿವೋರ್ ಅದು ಮುಗಿದ ಮೇಲೆ ಒಳಗೆ ಕಾಲಿಟ್ಟದ್ದು ಅಂದೇ. ದೊಡ್ಡ ಗುರು ವಾಲ್ರನ್ ನಡುಪೀಠದಲ್ಲಿ ಕೂತಿದ್ದರು. ಪಕ್ಕದಲ್ಲಿ ಒಸ್ಬರ್ಟ್. ತೀರ್ಪು ಚಿಕ್ಕದಿತ್ತು. ಗಡ್ಡದವರೆಲ್ಲ ಕಾಲ್ನಡಿಗೆಯಲ್ಲಿ ಫ್ರಾನ್ಸಿನ ಮೂಲಮಠಕ್ಕೆ ಹೋಗಿ ಬಾಗಿಲಲ್ಲಿ ಬಿದ್ದು ಕ್ಷಮೆ ಬೇಡಬೇಕು. ಅಲ್ಲಿಂದ ಅವರನ್ನು ಬೇರೆ ಬೇರೆ ಮಠಗಳಿಗೆ ಹಂಚಲಾಗುತ್ತದೆ. ಇದ್ನರ್ಥನಿಗೆ ಮಠದ ನೆಲದಲ್ಲಿ ಮಣ್ಣಿಲ್ಲ.

"ಕಡಿವೋರ್," ಅಂದರು ವಾಲ್ರನ್, ದನಿ ಮೃದು ಮಾಡಿ. "ನೀನು ಹೋಗಬೇಕಾಗಿಲ್ಲ. ದೇವರು ನಿನ್ನ ಕೈಯಿಂದ ನಮಗೆ ದಾರಿ ಮಾಡಿಸಿಕೊಟ್ಟ."

ಕಟ್ಟಿಹಾಕಿದ ಗಡ್ಡದವರೆಲ್ಲ ಅವನ ಕಡೆ ತಿರುಗಿದರು.

"ನಾನು ನಿಮಗೆ ದಾರಿ ಮಾಡ್ಲಿಲ್ಲ ಗುರುಗಳೇ. ನನ್ನ ತಮ್ಮನಿಗೆ ರೊಟ್ಟಿ ಕೊಟ್ಟೆ."

"ಎರಡೂ ಒಂದೇ ಆಯಿತಲ್ಲ."

"ಅವನನ್ನ ಏಳಿಸಿ. ಅಷ್ಟು ಸಾಕು ನನಗೆ. ಹಸಿದವನು ತಿಂದ, ಅದಕ್ಕೆ ಹಿಮದಲ್ಲಿ ಮಲಗಿಸ್ತೀರಾ?"

"ತಿಂದದ್ದಕ್ಕಲ್ಲ. ಒಬ್ಬನೇ ತಿಂದದ್ದಕ್ಕೆ," ಅಂದ ಒಸ್ಬರ್ಟ್. ಅವನು ಅಷ್ಟೂ ದಿನ ಕೋಟೆಯಲ್ಲಿ ದೊರೆಯ ಪಂಕ್ತಿಯಲ್ಲಿ ಉಂಡವನು. ಚಿಕ್ಕ ಗುರು ಹವೆಲ್ ನೆಲ ನೋಡುತ್ತಿದ್ದರು. ಕತ್ತಿನ ನರಗಳು ಹಗ್ಗದಂತೆ ಎದ್ದಿದ್ದವು.

ಹಲಗೆ ಬಡಿದದ್ದು ಮಧ್ಯಾಹ್ನದ ಹೊತ್ತಿಗೆ. ಹವೆಲ್ ತಾವೇ ಬಂದು ಉಗ್ರಾಣದ ಬಾಗಿಲು ತೆಗೆಸಿ, "ಬಾರಪ್ಪಾ" ಎಂದು ಕಡಿವೋರನ ಕೈ ಹಿಡಿದು ಕರೆದೊಯ್ದರು. ಆರೈಕೆಮನೆಯ ನೆಲದಲ್ಲಿ ಶಿಲುಬೆಯಾಕಾರದಲ್ಲಿ ಬೂದಿ ಹರಡಿ, ಮೇಲೆ ಗೋಣಿ ಹಾಸಿ, ಮೆಯ್ಲಿರನನ್ನು ಮಲಗಿಸಿದ್ದರು. ಬಿಳಿಯಂಗಿಯವರು ಸುತ್ತ ನಿಂತಿದ್ದರು. ಅವರಲ್ಲಿ ಸಿಂಬಿಯಂತೆ ಮುದುಡಿದ ಒಬ್ಬ ಮುದುಕ ಕಡಿವೋರನನ್ನು ಕಂಡು ಸರಿದು ಜಾಗ ಬಿಟ್ಟ. ಅವನು ಬದುಕಿದ್ದದ್ದು ಆ ಕಿಂಡಿಯ ರೊಟ್ಟಿಯಿಂದ.

"ಅಣ್ಣ," ಅಂದ ಮೆಯ್ಲಿರ್. ಎದೆಯಲ್ಲಿ ಗೊರಗೊರ ಸದ್ದಿತ್ತು. "ಮುಚ್ಚು ಅಂದಿದ್ನಲ್ಲೋ."

"ಆಗ್ಲಿಲ್ಲ ಕಣೋ."

"ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ.  ಸುಮ್ನಿರು ನೀನು."

ಸುತ್ತ ನಿಂತವರಲ್ಲಿ ಒಬ್ಬರೂ ಅದನ್ನು ತಿದ್ದಲಿಲ್ಲ. ಅವರು ಹಾಡತೊಡಗಿದರು. ಮೆಯ್ಲಿರನ ತುಟಿಯೂ ಸ್ವಲ್ಪ ದೂರ ಹಾಡಿನ ಜೊತೆ ಹೋಗಿ ನಿಂತಿತು.

ಸಂಜೆ ಕಡಿವೋರ್ ತನ್ನನ್ನೂ ಫ್ರಾನ್ಸಿಗೆ ಕಳಿಸಬೇಕೆಂದು ಕೇಳಿಕೊಂಡ. ವಾಲ್ರನ್ ಬೇಡವೆಂದರು. ಇನ್ನು ಮುಂದೆ ಬರುವ ಗಡ್ಡದವರನ್ನು ಹದ್ದುಬಸ್ತಿನಲ್ಲಿಡಲು ಮೆಟ್ಟಿಲ ಕೆಳಗೆ ಒಂದು ಸೆರೆಕೋಣೆ ಕಟ್ಟಬೇಕಾಗಿದೆ, ನಿನ್ನಂಥ ಕೈ ಬೇಕು ಎಂದರು. ಕಡಿವೋರ್ ತನ್ನ ಬಲಗೈಯನ್ನು ಅವರ ಮುಂದಿನ ಕಲ್ಲಿನ ಮೇಜಿನ ಮೇಲಿಟ್ಟು, "ಕೈ ಬೇಕಾದ್ರೆ ಇದನ್ನ ಇಟ್ಕೊಳ್ಳಿ, ಮಿಕ್ಕಿದ್ದನ್ನ ಕಳಿಸಿ" ಅಂದ. ಅವನು ಹುಡುಗಾಟಕ್ಕೆ ಹೇಳುತ್ತಿಲ್ಲವೆಂದು ಗುರುಗಳಿಗೆ ಅರ್ಥವಾಯಿತು. ಹೋಗಲು ಬಿಟ್ಟರು.

ಹೆಬ್ಬಾಗಿಲು ದಾಟಿ ಕಣಿವೆಯಿಂದ ಹೊರಟ ಸಾಲಿನಲ್ಲಿ ಕಡಿವೋರ್ ಕೊನೆಯವನು. ಮುಂದಿನವನಿಗೂ ಅವನಿಗೂ ನಡುವೆ ಕೂಗಿದರೆ ಕೇಳುವಷ್ಟು ದೂರವಿತ್ತು. ಹತ್ತಿರ ಹೋದರೆ ಅವರು ಬೇಗ ನಡೆಯುತ್ತಿದ್ದರು. ತಂಗಿದ ಕೊಟ್ಟಿಗೆಗಳಲ್ಲಿ ಬಾಗಿಲ ಬಳಿಯ ಗಾಳಿಗೆ ಅವನ ಜಾಗ. ಕಾಲು ಕೊಳೆತು ಒಬ್ಬ ದಾರಿಯಲ್ಲಿ ಬಿದ್ದ. ಬಿದ್ದವನನ್ನು ಹೊರಲು ಕಡಿವೋರ್ ಹೋದಾಗ, ಅವನು ಕಣ್ಣು ಮುಚ್ಚಿಕೊಂಡೇ "ನೀನು ಮುಟ್ಟಬೇಡ" ಅಂದ. ಬೇರೆಯವರು ಹೊತ್ತರು, ಮಾರನೆಯ ದಿನ ಹೂತರು.

ಸಮುದ್ರದ ದಡದಲ್ಲಿ ಹಡಗಿಗೆ ಕಾಯುವಾಗ ಸೈಸಿಲ್ ಬಂದು ಒಂದು ಮಾರು ದೂರದಲ್ಲಿ ಕೂತ. ಮುಖ ನೀರಿನ ಕಡೆಗಿತ್ತು.

"ನಿನ್ನ ತಮ್ಮ?"

"ಹೋದ."

"ಬೂದಿ ಹಾಸಿದ್ರಾ?"

"ಹಾಸಿದ್ರು. ಎಲ್ಲರೂ ಸುತ್ತ ನಿಂತು ಹಾಡಿದ್ರು."

ಸೈಸಿಲ್ ತಲೆಯಾಡಿಸಿದ. "ಇದ್ನರ್ಥ್‌ನ ಸುಣ್ಣದ ಗುಂಡಿಗೆ ಹಾಕಿದ್ರು. ಕಾಲು ಹಿಡಿದು ಎಳ್ಕೊಂಡು ಹೋದ್ರು, ನೋಡ್ದೆ," ಅಂದು ಎದ್ದು ಹೋದ.

ಮೂಲಮಠದ ಬಾಗಿಲಲ್ಲಿ ಅವರನ್ನು ಮಳೆಯಲ್ಲಿ ಮಲಗಿಸಿ, ಆಮೇಲೆ ಕ್ಷಮಿಸಿ, ಇಬ್ಬರು ಒಂದೆಡೆ ಇರದಂತೆ ಹಂಚಿದರು. ಕಡಿವೋರನನ್ನು ಕಳಿಸಿದ್ದು ಬಹಳ ಪೂರ್ವದ, ಪೈನ್ ಕಾಡಿನ ನಡುವಿನ ಒಂದು ಹೊಸ ಮಠಕ್ಕೆ. ಅಲ್ಲಿ ಯಾರಿಗೂ ಅವನ ಭಾಷೆ ಗೊತ್ತಿರಲಿಲ್ಲ. ಅವನು ಏನು ಮಾಡಿ ಬಂದವನೆಂದೂ ಗೊತ್ತಿರಲಿಲ್ಲ. ಗಡ್ಡದವರು ಅವನಿಗೆ ಊಟದಲ್ಲಿ ಜಾಗ ಬಿಟ್ಟರು, ಮೊದಲ ದಿನವೇ ಒಬ್ಬ ನಗುತ್ತ ಹೆಂಡದ ಬಟ್ಟಲು ಮುಂದೆ ಸರಿಸಿದ. ಕಡಿವೋರ್ ಅದನ್ನು ಮುಟ್ಟದೆ ಇದ್ದುದನ್ನು ಕಂಡು, ಬಹಳ ದೊಡ್ಡ ವ್ರತಸ್ಥ ಬಂದಿದ್ದಾನೆಂದು ಅವರು ತಮ್ಮ ತಮ್ಮಲ್ಲೇ ಸನ್ನೆ ಮಾಡಿಕೊಂಡರು. ಹಾಗಲ್ಲ ಎಂದು ಹೇಳಲು ಅವನಿಗೆ ಆ ಭಾಷೆ ಕೊನೆಯವರೆಗೂ ಸಾಕಷ್ಟು ಬರಲಿಲ್ಲ.